ಪುಸ್ತಕದ ಜತೆ ವಯಸ್ಸನ್ನೂ ತಿಳಿಸಿ

ಓದಬೇಕಾದ ಪುಸ್ತಕಗಳ ಪಟ್ಟಿ ಕೊಡುವವರು ‘ಮಕ್ಕಳ ಪುಸ್ತಕ’ ಎಂಬ ಒಂದೇ ತಲೆಬರಹದಡಿ 3 ವರ್ಷದ ಕೂಸನ್ನೂ 12ರ ಪೋರನನ್ನೂ ಒಟ್ಟಿಗೆ ಕೂರಿಸುವುದು ಸರಿಯಲ್ಲ. ಅಂತಹ ಪಟ್ಟಿಯೊಂದನ್ನು ನಂಬಿ ನಾಲ್ಕು ವರ್ಷದ ಮೊಮ್ಮಗಳಿಗೆ ಪುಸ್ತಕ ತಂದೆ. ಪುಟದ ತುಂಬ ಸಾಸಿವೆ ಕಾಳಿನಂಥ ಅಕ್ಷರ, ಹತ್ತು ಪುಟಕ್ಕೊಂದು ಚಿತ್ರ. ಅವಳು ಚಿತ್ರಗಳನ್ನಷ್ಟೇ ಹುಡುಕಿ ನೋಡಿ, ಪುಸ್ತಕವನ್ನು ಗೊಂಬೆಗೆ ತಲೆದಿಂಬು ಮಾಡಿದಳು. ತಪ್ಪು ಅವಳದಲ್ಲ, ಪುಸ್ತಕದ್ದೂ ಅಲ್ಲ.

ಪುಟ್ಟ ಮಕ್ಕಳ ಚಿತ್ರಪುಸ್ತಕ ಸಾಮಾನ್ಯವಾಗಿ 32 ಪುಟಗಳದ್ದು; ದೊಡ್ಡವರು ಓದಿ ಹೇಳಲೆಂದೇ ಬರೆದದ್ದು. ತಾನೇ ಅಕ್ಷರ ಕೂಡಿಸಿ ಓದುವ ಮಗುವಿಗೆ ಬೇಕಾದುದು ಬೇರೆ. ಅದಕ್ಕೊಂದು ಐದು ಬೆರಳಿನ ಪರೀಕ್ಷೆ ಇದೆ: ಯಾವುದಾದರೂ ಪುಟವನ್ನು ಮಗುವಿನಿಂದ ಓದಿಸಿ, ಗೊತ್ತಿಲ್ಲದ ಪ್ರತಿ ಪದಕ್ಕೂ ಒಂದು ಬೆರಳು ಮಡಚುವುದು. ಪುಟ ಮುಗಿಯುವ ಮೊದಲೇ ಐದೂ ಮಡಚಿದರೆ, ಸದ್ಯಕ್ಕೆ ಆ ಪುಸ್ತಕವನ್ನು ನಾವೇ ಓದಿ ಹೇಳಬೇಕು.

ದೊಡ್ಡವರ ಪಟ್ಟಿಯದೂ ಇದೇ ಕಥೆ. ‘ಎಲ್ಲರೂ ಓದಲೇಬೇಕಾದದ್ದು’ ಎಂಬ ಹೊಗಳಿಕೆ ಬಿಟ್ಟರೆ ಬೇರೇನೂ ಇರದು. ಓದು ಬಿಟ್ಟು ವರ್ಷಗಳಾದವರಿಗೆ 600 ಪುಟದ ಕಾದಂಬರಿಗಿಂತ ಸಣ್ಣಕತೆಗಳ ಸಂಕಲನವೇ ವಾಸಿ (ವಿಮರ್ಶಕರಿಗೆ ಈ ಮಾತು ರುಚಿಸದಿರಬಹುದು).

ಏಪ್ರಿಲ್ 2 ಅಂತರರಾಷ್ಟ್ರೀಯ ಮಕ್ಕಳ ಪುಸ್ತಕ ದಿನ, 23 ವಿಶ್ವ ಪುಸ್ತಕ ದಿನ. ಆ ಸಂದರ್ಭಗಳಲ್ಲಿ ಪ್ರಕಟವಾಗುವ ಪಟ್ಟಿಗಳಲ್ಲಾದರೂ ಪ್ರತಿ ಪುಸ್ತಕದ ಮುಂದೆ ವಯಸ್ಸು, ಪುಟಸಂಖ್ಯೆ, ಓದಿ ಹೇಳಲೋ ಸ್ವತಃ ಓದಲೋ ಎಂಬ ಒಂದು ಸಾಲು ಇರಲಿ. ಮುಖಪುಟದ ಬದಲು ಒಳಪುಟವೊಂದರ ಚಿತ್ರ ಹಾಕಿದರೆ ಇನ್ನೂ ಒಳ್ಳೆಯದು.