ಟೊಪ್ಪಿಯ ಪಕ್ಕ ನೀನು ಏನೂ ಬರೆದಿಲ್ಲ

ಮಗಾ,

ಮೊನ್ನೆ ಫೋನಿನಲ್ಲಿ ಆದದ್ದನ್ನು ಮತ್ತೆ ಬರೆಯುವುದಿಲ್ಲ. ನಿನಗೂ ಗೊತ್ತು, ನನಗೂ ಗೊತ್ತು. ಕಾಲೇಜಿನ ಕಾರ್ಯಕ್ರಮಕ್ಕೆ ನಾನು ಬರುವುದು ಬೇಡ ಅಂದರೆ ಬೇಡ. ಆದರೆ ಫೀಸಿನ ಲೆಕ್ಕ ತೆಗೆದದ್ದು ನನ್ನ ತಪ್ಪು. ಅದಕ್ಕೆ ಆಮೇಲೆ ಬರುತ್ತೇನೆ.

ನೀನು ಬಿಟ್ಟುಹೋದ ಡಿಕನ್ಸನ ‘ಗ್ರೇಟ್ ಎಕ್ಸ್‌ಪೆಕ್ಟೇಶನ್ಸ್’ ಓದಿ ಮುಗಿಸಿದೆ. ಈ ಸಲ ಮಳೆ ಬಿಡಲೇ ಇಲ್ಲ. ಅಡಿಕೆಗೆ ಎರಡನೇ ಮದ್ದು ಬಿಡುವ ಕೆಲಸ ಅರ್ಧಕ್ಕೇ ನಿಂತಿದೆ. ಜಗಲಿಯಲ್ಲಿ ಕೂತು, ಡಿಕ್ಷನರಿ ಪಕ್ಕಕ್ಕಿಟ್ಟುಕೊಂಡು, ದಿನಕ್ಕೆ ಒಂದೆರಡು ಅಧ್ಯಾಯ. 1860ರಲ್ಲಿ ವಾರಪತ್ರಿಕೆಯ ಧಾರಾವಾಹಿಯಾಗಿ ಶುರುವಾದದ್ದಲ್ವಾ, ಕಂತು ಕಂತಾಗಿ ಓದಿದರೇ ರುಚಿ.

ನಿನ್ನ ಪೆನ್ಸಿಲ್ ಗುರುತುಗಳನ್ನೂ ಓದಿದೆ. ಮದುವೆ ಮುರಿದುಬಿದ್ದ ಸಿರಿವಂತೆ ಮಿಸ್ ಹ್ಯಾವಿಶಾಮಳ ದೊಡ್ಡ ಮನೆಯಲ್ಲಿ ಒಂಬತ್ತಕ್ಕೆ ಇಪ್ಪತ್ತು ನಿಮಿಷ ಇರುವಾಗ ನಿಂತುಹೋದ ಗಡಿಯಾರಗಳ ಪಕ್ಕ ‘ಸಂಕೇತ’ ಅಂತ ಬರೆದಿದ್ದೀ. ಜೇಡ ಕಟ್ಟಿದ ಮದುವೆ ಕೇಕಿಗೂ ಸಂಕೇತ. ಕೈದಿಯ ಕಾಲಿನ ಬೇಡಿಗೂ. ಸರಿಯೇ. ಆದರೆ ಅವೆಲ್ಲ ತಾವಾಗಿಯೇ ಕೂಗಿ ಕರೆಯುವಂಥವು. 27ನೇ ಅಧ್ಯಾಯದಲ್ಲಿ ಜೋನ ಟೊಪ್ಪಿ ಇದೆ. ಅದರ ಪಕ್ಕ ನೀನು ಏನೂ ಬರೆದಿಲ್ಲ.

ಕಮ್ಮಾರ ಜೋ, ತಾನು ಸಾಕಿದ, ಈಗ ಸಾಹೇಬನಾಗಿರುವ ಪಿಪ್‌ನನ್ನು ನೋಡಲು ಲಂಡನ್ನಿಗೆ ಬರುತ್ತಾನೆ. ದುಡ್ಡು ಕೊಟ್ಟು ತಪ್ಪಿಸಬಹುದಾಗಿದ್ದರೆ ಕೊಟ್ಟುಬಿಡುತ್ತಿದ್ದೆ ಅಂತ ಪಿಪ್ ಒಪ್ಪಿಕೊಳ್ಳುತ್ತಾನೆ. ಜೋನಿಗೆ ಟೊಪ್ಪಿ ಎಲ್ಲಿಡಬೇಕೆಂದೇ ತಿಳಿಯುವುದಿಲ್ಲ. ಬೆಂಕಿಗೂಡಿನ ಮೇಲಿನ ಹಲಗೆಯ ತುದಿಯಲ್ಲಿಡುತ್ತಾನೆ. ಬೀಳುತ್ತದೆ. ಓಡಿ ಹಿಡಿಯುತ್ತಾನೆ. ಮತ್ತೆ ಬೀಳುತ್ತದೆ. ತಾನೇ ಎತ್ತಿ ಆಡಿಸಿದ ಹುಡುಗನನ್ನು ‘ಸರ್’ ಅನ್ನುತ್ತಾನೆ.

ನಾನು ಕಾಸರಗೋಡಿನಲ್ಲಿ ಡಿಗ್ರಿ ಓದುವಾಗ ಅಜ್ಜ ಒಂದು ಸಲ ಕಾಲೇಜಿಗೆ ಬಂದಿದ್ದರು. ಆಟಿ ತಿಂಗಳ ಮಳೆ. ತಲೆಯಲ್ಲಿ ಅಡಿಕೆ ಹಾಳೆಯ ಮುಟ್ಟಾಳೆ. ಅಂಗಿ ತುಂಬ ಅಡಿಕೆ ಮದ್ದಿನ ಮೈಲುತುತ್ತಿನ ನೀಲಿ. ವರಾಂಡ ಹತ್ತುವಾಗ ಮುಟ್ಟಾಳೆ ತೆಗೆದರು. ಬೆಂಚಿನ ಮೇಲಿಟ್ಟರೆ ನೀರಿಳಿಯುತ್ತದೆ ಅಂತ ಕೆಳಗಿಟ್ಟರು. ಯಾರಾದರೂ ತುಳಿದಾರು ಅಂತ ಮತ್ತೆ ಎತ್ತಿಕೊಂಡರು. ಅಷ್ಟರಲ್ಲಿ ಗೆಳೆಯನೊಬ್ಬ ‘ಯಾರು?’ ಅಂತ ಕೇಳಿದ. ‘ನಮ್ಮ ಊರಿನವರು’ ಅಂದೆ.

ಅಜ್ಜನಿಗೆ ಕೇಳಿಸಿತೋ ಇಲ್ಲವೋ. ಫೀಸಿನ ದುಡ್ಡು ಕೊಟ್ಟು, ‘ಬಸ್ಸಿಗೆ ಹೊತ್ತಾಯಿತು’ ಅಂದರು. ನಮ್ಮ ಬಸ್ಸು ಇದ್ದದ್ದು ಐದೂವರೆಗೆ. ಆಗ ಮೂರು ಗಂಟೆ. ಆ ಎರಡೂವರೆ ಗಂಟೆ ಎಲ್ಲಿ ನಿಂತಿದ್ದರು? ಬಸ್‌ಸ್ಟ್ಯಾಂಡಿನಲ್ಲಾ? ಚಾ ಕುಡಿದರಾ? ಇದ್ದ ದುಡ್ಡೆಲ್ಲ ನನಗೇ ಕೊಟ್ಟಿದ್ದರೆ? ಒದ್ದೆ ಅಂಗಿಯಲ್ಲೇ? ಮನೆಗೆ ಹೋದಾಗ ಕೇಳಬಹುದಿತ್ತು. ಕೇಳಲಿಲ್ಲ. ಅವರು ತೀರಿಕೊಂಡು ಇಷ್ಟು ವರ್ಷ ಆಯಿತು, ಮಳೆ ಜಾಸ್ತಿಯಾದಾಗಲೆಲ್ಲ ಮೂರರಿಂದ ಐದೂವರೆವರೆಗೆ ಲೆಕ್ಕ ಹಾಕುತ್ತಾ ಕೂರುತ್ತೇನೆ.

ನೀನು ಪಿಪ್ ಅಂತ ಹೇಳುತ್ತಿಲ್ಲ. ಆದದ್ದು ನಾನು. ಕನ್ನಡ ಮೀಡಿಯಂನಿಂದ ಹೋಗಿ ಇಂಗ್ಲಿಷಿನಲ್ಲಿ ಪೇಪರ್ ಮಂಡಿಸುತ್ತೀ ಅಂತ ಬದಿಯಡ್ಕ ಪೇಟೆಯಲ್ಲಿ ಸಿಕ್ಕಿದವರಿಗೆಲ್ಲ ಹೇಳಿ ಆಗಿದೆ. ನೀನು ಇನ್ನೂ ಮುಂದೆ ಬರಬೇಕು. ಆದರೆ ಒಂದು ನೋಡು. ಪಿಪ್‌ನ ಚಂದದ ಬಟ್ಟೆಯ ದುಡ್ಡು ದೊಡ್ಡ ಮನೆಯಿಂದ ಬಂದದ್ದಲ್ಲ. ಆಸ್ಟ್ರೇಲಿಯಾದಲ್ಲಿ ಕುರಿ ಕಾದ ಅದೇ ಬೇಡಿಯ ಕೈದಿಯದ್ದು. ದುಡ್ಡಿನ ಬೇರು ಎಲ್ಲಿದೆ ಅಂತ ಮನುಷ್ಯ ತಿಳಿದಿರಬೇಕು, ಇಲ್ಲದಿದ್ದರೆ... ಥೋ, ಮತ್ತೆ ಲೆಕ್ಕಕ್ಕೇ ಬಂದೆ. ಪಾಠ ಮಾಡಬಾರದು ಅಂತಲೇ ಪೆನ್ನು ಹಿಡಿದದ್ದು.

ಜೋ ಪಿಪ್‌ನ 123 ಪೌಂಡಿನ ಸಾಲ ತೀರಿಸುತ್ತಾನೆ. ಚೀಟಿಯ ಜೊತೆ ರಸೀದಿ ಇಟ್ಟು, ಅವನು ಏಳುವ ಮೊದಲೇ ಊರಿಗೆ ಹೊರಟುಹೋಗುತ್ತಾನೆ. ನಾನು ಒಂದು ಸೆಮಿಸ್ಟರಿನ ಫೀಸನ್ನು ಫೋನಿನಲ್ಲಿ ಮೂರು ಸಲ ಹೇಳಿದೆ. ತಪ್ಪಾಯಿತು ಮಗಾ.

ಪುಸ್ತಕ ಕಳಿಸುತ್ತಿದ್ದೇನೆ. ಅಮ್ಮ ಹಲಸಿನ ಹಪ್ಪಳ ಕಟ್ಟಿದ್ದಾಳೆ. ಟೊಪ್ಪಿಯ ಪುಟದಲ್ಲಿ ಒಂದು ನೀಲಿ ಹೆಬ್ಬೆರಳಿನ ಗುರುತು ಬಿದ್ದಿದೆ. ಕೈ ತೊಳೆದೇ ಹಿಡಿದಿದ್ದೆ. ರಬ್ಬರಿನಲ್ಲಿ ಉಜ್ಜಿ ನೋಡಿದೆ, ಹೋಗಲಿಲ್ಲ. ಬೈಯಬೇಡ.

ಅಪ್ಪ