ಗೆಳೆಯನಿಗೊಂದು ಪತ್ರ: ಅಡಿಕೆ ಸುಲಿಯುವ ಜಗಲಿಯಿಂದ

ಪ್ರೀತಿಯ ಗೆಳೆಯ,

ಬಯೋಮೆಡಿಕಲ್ ಎಂ.ಎಸ್ಸಿ. ಸೇರಿ ಲ್ಯಾಬಲ್ಲಿ ಇರೋದು ಬಿಟ್ಟು ಬರೆಯೋದು, ಮಾತಾಡೋದು ಕಲೀತಾ ಇದ್ದೀಯಲ್ಲ ಮಾರಾಯ, ಅಂತ ಮೊನ್ನೆ ಫೋನಲ್ಲಿ ನೀನು ಕೇಳಿದೆ. ಬಸ್ಸಿನ ಗಲಾಟೆಯಲ್ಲಿ ಸರಿಯಾಗಿ ಉತ್ತರ ಕೊಡಲು ಆಗಲಿಲ್ಲ. ಈಗ ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರ ನಮ್ಮೂರಲ್ಲೇ ಇದ್ದೇನೆ. ಕೊಯ್ಲು ನಡೀತಾ ಇದೆ, ರಾತ್ರಿ ಹತ್ತರವರೆಗೂ ಜಗಲಿ ತುಂಬ ಅಡಿಕೆ ಸುಲಿಯುವವರು.

ಈ ಸಲ ನಮಗೆ ವಿಜ್ಞಾನ ಸಂವಹನ ಅಂತ ಒಂದು ಪೇಪರ್ ಇದೆ. ಅದರಲ್ಲಿ ಓದಿದ ಒಂದು ಕಥೆ ತಲೆಯಿಂದ ಹೋಗುತ್ತಲೇ ಇಲ್ಲ. 1986ರಲ್ಲಿ ಚೆರ್ನೊಬಿಲ್ ಅಣು ವಿದ್ಯುತ್ ಸ್ಥಾವರ ಸಿಡಿಯಿತಲ್ಲ, ಆಗ ಮಳೆಯ ಜೊತೆ ವಿಕಿರಣ ಸೂಸುವ ಸೀಸಿಯಂ ಎಂಬ ಧಾತು ಬಂದು ಇಂಗ್ಲೆಂಡಿನ ಕಂಬ್ರಿಯಾ ಗುಡ್ಡಗಳ ಹುಲ್ಲಿಗೂ ಬಿತ್ತು. ಅಲ್ಲಿನವರು ಕುರಿ ಸಾಕಿ ಬದುಕುವವರು. ಕುರಿ ಮಾರುವುದನ್ನು ಮೂರು ವಾರ ನಿಲ್ಲಿಸಿ, ಆಮೇಲೆ ಸರಿಹೋಗುತ್ತದೆ ಅಂತ ತಜ್ಞರು ಹೇಳಿದರು. ಅವರ ಲೆಕ್ಕ ಜೇಡಿಮಣ್ಣಿಗೆ ಸರಿ. ಗುಡ್ಡದ ಮೇಲಿದ್ದದ್ದು ಕೊಳೆತ ಗಿಡದ ಹುಳಿ ಮಣ್ಣು. ಸೀಸಿಯಂ ಅಲ್ಲಿ ಮಣ್ಣಿಗೆ ಕಚ್ಚಿಕೊಳ್ಳಲಿಲ್ಲ, ವರ್ಷ ವರ್ಷವೂ ಹುಲ್ಲಿಗೆ ಏರುತ್ತಲೇ ಇತ್ತು. ಕೊನೆಯ ನಿರ್ಬಂಧ ತೆಗೆದದ್ದು 2012ರಲ್ಲಿ! ಬ್ರಯಾನ್ ವಿನ್ ಎಂಬ ಸಮಾಜಶಾಸ್ತ್ರಜ್ಞರು ಆ ರೈತರ ಜೊತೆ ಕೂತು ಮಾತಾಡಿದರು. ತಮ್ಮ ಗುಡ್ಡ, ತಮ್ಮ ಮೇವಿನ ಬಗ್ಗೆ ರೈತರಿಗೆ ಎಷ್ಟೋ ಗೊತ್ತಿತ್ತು, ತಜ್ಞರು ಅದನ್ನು ಕೇಳಿಯೇ ಇರಲಿಲ್ಲ.

ಜನರಿಗೆ ಗೊತ್ತಿಲ್ಲ, ನಾವು ತುಂಬಿದರೆ ಆಯ್ತು ಅನ್ನುವ ಯೋಚನೆ ನನ್ನಲ್ಲೂ ಇತ್ತು. ಈಗ ನಡೆದದ್ದು ಹೇಳುತ್ತೇನೆ.

ಆ ಪೇಪರಿಗಾಗಿ, ಊರಿನವರಿಗೆ ಅರ್ಥವಾಗುವ ಹಾಗೆ ಒಂದು ಕಾಯಿಲೆಯ ಬಗ್ಗೆ ಬರೆಯಿರಿ ಅಂದಿದ್ದರು. ನಾನು ಮಂಗನ ಕಾಯಿಲೆ ಹಿಡಿದೆ. ಬೇರೆ ಯಾವುದನ್ನು ಹಿಡಿಯಲಿ ಹೇಳು? 1957ರಲ್ಲಿ ಇದು ಮೊದಲು ಗೊತ್ತಾದದ್ದು ನಮ್ಮ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ, ವೈರಸ್ಸಿಗೂ ಆ ಕಾಡಿನದೇ ಹೆಸರು. 2019ರಲ್ಲಿ ಅರಳಗೋಡು ಕಡೆ ಎಷ್ಟು ಮನೆಗಳಲ್ಲಿ ಸಾವಾಯಿತು, ನಿನಗೂ ನೆನಪಿದೆ. ಬಂದ 100 ಜನರಲ್ಲಿ 3ರಿಂದ 5 ಜನ ಉಳಿಯುವುದಿಲ್ಲ. ಇದಕ್ಕೇ ಅಂತ ಔಷಧಿ ಇಲ್ಲ.

ನಾನು ಇಟ್ಟ ತಲೆಬರಹ, 'ಮಂಗನ ಕಾಯಿಲೆ ಅನ್ನಬೇಡಿ, ಉಣುಗಿನ ಜ್ವರ ಅನ್ನಿ'. ಯಾಕೆಂದರೆ ರೋಗ ದಾಟಿಸುವುದು ಉಣುಗು, ಅಂದರೆ ಮೈಗೆ ಕಚ್ಚಿ ರಕ್ತ ಹೀರುವ ಉಣ್ಣೆ ಹುಳ. ಅದರಲ್ಲೂ ಎಳ್ಳಿಗಿಂತ ಚಿಕ್ಕದಾದ ಮರಿ ಉಣುಗು ಕಚ್ಚಿಯೇ ಜನರಿಗೆ ಜಾಸ್ತಿ ಬರುವುದು. ಮಂಗನಿಗೂ ಅದು ಕಚ್ಚಿಯೇ ಬರುತ್ತದೆ. ಒಬ್ಬರಿಂದ ಒಬ್ಬರಿಗೆ ಹರಡುವುದೂ ಇಲ್ಲ. ಹೆಸರಲ್ಲಿ ಮಂಗ ಇದ್ದರೆ ಜನ ಮರದ ಮೇಲೆ ನೋಡುತ್ತಾರೆ, ಅಪಾಯ ಇರುವುದು ಕಾಲಡಿಯ ದರಗಿನಲ್ಲಿ, ಅಂದರೆ ಉದುರಿದ ಒಣ ಎಲೆಗಳಲ್ಲಿ. ಒಳ್ಳೆಯ ವಾದ ಅಲ್ವಾ?

ಅದನ್ನೇ ಜಗಲಿಯಲ್ಲಿ ಓದಿದೆ. ದೊಡ್ಡಮ್ಮ ಮೆಟ್ಟುಗತ್ತಿ ಮೇಲೆ ಕೂತಲ್ಲಿಂದಲೇ ಹೇಳಿದರು: "ಮಂಗ ಸತ್ತರೆ ಕಾಣ್ತದೆ ಮಾಣಿ. ಉಣುಗು ಕಾಣ್ತದಾ?"

ನಾನು ಸುಮ್ನಾದೆ. ಕಾಡಲ್ಲಿ ಮಂಗ ಸತ್ತು ಬೀಳುವುದೇ ಮೊದಲ ಸೂಚನೆ. ಸತ್ತ ಮಂಗನ ಮೈಯಿಂದ ಉಣುಗು ಇಳಿದು ಸುತ್ತ ಹರಡುತ್ತದೆ, ಅಲ್ಲಿಗೆ ಹೋದವರಿಗೇ ಅಪಾಯ. ಆರೋಗ್ಯ ಇಲಾಖೆ ಇವತ್ತಿಗೂ ಮಂಗ ಎಲ್ಲಿ ಸತ್ತಿದೆ ಅಂತಲೇ ಹುಡುಕುತ್ತದೆ. ನಾನು ತಪ್ಪು ಅಂದುಕೊಂಡ ಹೆಸರು ನಮ್ಮ ಹಿರಿಯರು ಕಾಡು ನೋಡಿ ಇಟ್ಟುಕೊಂಡ ಎಚ್ಚರಿಕೆ.

ಅಷ್ಟರಲ್ಲಿ ಕೆಲಸಕ್ಕೆ ಬಂದಿದ್ದ ಒಬ್ಬರು ಅಕ್ಕ ಕೇಳಿದರು, ದರಗು ತರಬೇಡಿ ಅಂತ ಬರೆದಿದ್ದೀಯಲ್ಲ, ಕೊಟ್ಟಿಗೆಗೆ ಏನು ಹಾಸಲಿ? ಗೊಬ್ಬರ ಎಲ್ಲಿಂದ ತರಲಿ? ನನ್ನ ಹತ್ತಿರ ಉತ್ತರ ಇರಲಿಲ್ಲ. ಕಾಡಿಗೆ ಹೋಗುವ ಮೊದಲು ಉಣುಗು ಹತ್ತದ ಹಾಗೆ ಡೇಪಾ ಎಣ್ಣೆ ಹಚ್ಚಿಕೊಳ್ಳಿ, ಮೈ ತುಂಬ ಬಟ್ಟೆ ಹಾಕಿ, ಬಂದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ ಸೋಪು ಹಚ್ಚಿ ಸ್ನಾನ ಮಾಡಿ, ಇಷ್ಟು ಹೇಳಿದೆ. ಎಣ್ಣೆ ಹಚ್ಚಿ ಸೊಪ್ಪು ಹೊತ್ತರೆ ಬೆವರಿಗೆ ಎಲ್ಲ ಇಳಿದು ಹೋಗುತ್ತದೆ ಅಂದರು ಅವರು. ಇದನ್ನೆಲ್ಲ ನಾನು ಯಾವ ಪುಸ್ತಕದಲ್ಲಿ ಓದಬೇಕಿತ್ತು?

ಇಡೀ ಬರಹ ಹರಿದು ಹೊಸದಾಗಿ ಬರೆದಿದ್ದೇನೆ. ಮಂಗನ ಕಾಯಿಲೆ ಅನ್ನುವ ಹೆಸರನ್ನು ಹಾಗೇ ಇಟ್ಟು, ದೊಡ್ಡಮ್ಮನ ಮಾತಿಂದಲೇ ಶುರು ಮಾಡಿ, ಅಲ್ಲಿಂದ ಉಣುಗಿಗೆ ಬಂದಿದ್ದೇನೆ. ದರಗಿನ ಪ್ರಶ್ನೆಯನ್ನು ಮುಚ್ಚಿಡದೆ ಹಾಗೇ ಬರೆದಿದ್ದೇನೆ, ಮಾರ್ಕ್ಸ್ ಕಡಿಮೆ ಬಂದರೂ ಸರಿ. ನಾಳೆ ಓದಿ ಮೊಬೈಲಲ್ಲಿ ರೆಕಾರ್ಡ್ ಮಾಡಿ ಕಳಿಸುತ್ತೇನೆ. ನಿಮ್ಮ ಅಮ್ಮನಿಗೆ ಕೇಳಿಸು, ಎಲ್ಲಿ ಅರ್ಥವಾಗಲಿಲ್ಲ ಅಂತ ಅವರಿಂದಲೇ ತಿಳಿದು ಹೇಳು.

ಮತ್ತೆ, ನಿಮ್ಮ ಸೊಪ್ಪಿನ ಬೆಟ್ಟದಲ್ಲಿ ಮಂಗ ಸತ್ತದ್ದು ಕಂಡರೆ ಹತ್ತಿರ ಹೋಗಬೇಡ, ನಾಯಿಯನ್ನೂ ಬಿಡಬೇಡ. ಮೊದಲು ಆಸ್ಪತ್ರೆಗೆ ಫೋನ್ ಮಾಡು.

ನಿನ್ನ ಗೆಳೆಯ