ಹೊಸಬರಿಗೆ ದಾರಿ ತೋರುವ ಫಲಕ ಬೇಕು

ಹುಬ್ಬಳ್ಳಿಗೆ ಮೊದಲ ಬಾರಿ ಬರುವವರಿಗೆ ಯಾವ ಬಸ್ಸನ್ನು ಎಲ್ಲಿ ಹತ್ತಬೇಕೆಂಬುದೇ ದೊಡ್ಡ ಗೊಂದಲವಾಗಿದೆ. ಹಳೇ ಬಸ್ ನಿಲ್ದಾಣ, ಹೊಸೂರು, ಗೋಕುಲ ರಸ್ತೆಯ ಹೊಸ ನಿಲ್ದಾಣ ಇವೆಲ್ಲಕ್ಕೂ ಊರವರ ಬಾಯಲ್ಲಿ ‘ಬಸ್ ಸ್ಟ್ಯಾಂಡ್’ ಎಂಬುದೊಂದೇ ಹೆಸರು. ಮೊನ್ನೆ ರೈಲಿಳಿದ ವೃದ್ಧ ದಂಪತಿ, ಆಸ್ಪತ್ರೆಯ ಚೀಟಿ ಹಿಡಿದು, ಮೂವರನ್ನು ಕೇಳಿ ಮೂರು ಉತ್ತರ ಪಡೆದು ಕೊನೆಗೆ ಆಟೊ ಹತ್ತಿದ್ದನ್ನು ಕಂಡು ಮನಸ್ಸಿಗೆ ಕಸಿವಿಸಿಯಾಯಿತು. 2018ರಿಂದ ಓಡುತ್ತಿರುವ ಚಿಗರಿ ಬಸ್ ಧಾರವಾಡದವರೆಗೆ ಬೇಗ ಮುಟ್ಟಿಸುತ್ತದೆ, ನಿಜಕ್ಕೂ ಒಳ್ಳೆಯ ಸೌಲಭ್ಯ. ಆದರೆ ಅದರ ನಿಲ್ದಾಣಗಳು ರಸ್ತೆಯ ನಡುವೆ ಇವೆ, ಟಿಕೆಟ್ ಅಲ್ಲಿಯೇ ಪಡೆಯಬೇಕು ಎಂಬುದು ಪರಸ್ಥಳದವರಿಗೆ ತಿಳಿಯುವುದಾದರೂ ಹೇಗೆ? ರೈಲು ನಿಲ್ದಾಣದ ಹೊರಬಾಗಿಲಲ್ಲೇ ಬಸ್ ಮಾರ್ಗಗಳ ನಕ್ಷೆಯನ್ನು ದಪ್ಪ ಕನ್ನಡ ಅಕ್ಷರಗಳಲ್ಲಿ ಹಾಕಿಸಿ, ಹಗಲು ಹೊತ್ತು ಒಬ್ಬ ಮಾಹಿತಿ ಸಿಬ್ಬಂದಿಯನ್ನು ಕೂರಿಸಬೇಕೆಂದು ಸಂಬಂಧಪಟ್ಟವರಲ್ಲಿ ವಿನಂತಿ.

– ಓದುಗ, ವಿದ್ಯಾನಗರ, ಹುಬ್ಬಳ್ಳಿ